ಅಂಗಳದ ಈಜುಕೊಳ, ಊರಿನ ಹಳ್ಳ: ಫಿಲ್ಟರು ತೊಳೆದ ನೀರು ಎಲ್ಲಿಗೆ?

ಗಂಗಾ ಸ್ನಾನ, ತುಂಗಾ ಪಾನ ಎಂಬ ಮಾತು ಮಲೆನಾಡಿನ ಮಕ್ಕಳಿಗೆ ಬಾಯಿಪಾಠ. ಮೀಯಲು ಗಂಗೆಯಾದರೆ ಕುಡಿಯಲು ತುಂಗೆಯೇ ಆಗಬೇಕು ಎನ್ನುವಷ್ಟು ಈ ಹೊಳೆಯ ನೀರಿಗೆ ಹೆಸರಿತ್ತು. ಆ ಮಾತು ಹುಟ್ಟಿದ ನಾಡಿನಲ್ಲಿ ಈಗ ಹೊಸದೊಂದು ಬಗೆಯ ಸ್ನಾನ ಬಂದಿದೆ. ಶಿವಮೊಗ್ಗದ ಹೊರವಲಯದ ಬಡಾವಣೆಗಳಲ್ಲಿ, ಭದ್ರಾವತಿಯ ಸುತ್ತಲಿನ ತೋಟದ ಮನೆಗಳಲ್ಲಿ, ತೀರ್ಥಹಳ್ಳಿ ಮತ್ತು ಶೃಂಗೇರಿಯ ದಾರಿಯ ಹೋಂಸ್ಟೇಗಳಲ್ಲಿ ನೀಲಿ ಹೆಂಚು ಹಾಸಿದ ಈಜುಕೊಳಗಳು ತಲೆಯೆತ್ತುತ್ತಿವೆ. ಕೊಳ್ಳುಬಾಕ ಸಂಸ್ಕೃತಿಯ ಇನ್ನೊಂದು ಕುರುಹು ಎಂದು ಬೈದು ಸುಮ್ಮನಾಗುವುದು ಸುಲಭ. ಹಾಗೆ ಬೈದವರು ಬಹಳ ಮಂದಿ ಇದ್ದಾರೆ. ಬೈಗುಳದಿಂದ ಒಂದು ಕೊಳವೂ ಕಡಿಮೆಯಾಗಿಲ್ಲ. ಆದುದರಿಂದ ಬೈಗುಳವನ್ನು ಬದಿಗಿಟ್ಟು, ಆ ಕೊಳದ ಹಿಂಬದಿಯಲ್ಲಿ, ಅತಿಥಿಗಳ ಕಣ್ಣಿಗೆ ಬೀಳದಂತೆ ಕಟ್ಟಿದ ಪುಟ್ಟ ಕೋಣೆಯೊಳಗೆ ಇಣುಕಿ ನೋಡುವುದು ಮೇಲು. ಅಲ್ಲಿ ಒಂದು ಪಂಪು, ಒಂದು ದುಂಡನೆಯ ಮರಳಿನ ಫಿಲ್ಟರು, ಅದರ ನೆತ್ತಿಯ ಮೇಲೆ ಆರು ಕವಲಿನ ವಾಲ್ವು, ಮತ್ತು ಗೋಡೆಯನ್ನು ತೂರಿಕೊಂಡು ಹೊರಗೆ ಹೋಗುವ ಒಂದು ಪೈಪು ಕಾಣುತ್ತವೆ. ವಾದವಿರುವುದು ಆ ಪೈಪಿನ ತುದಿಯ ಬಗ್ಗೆ.

ಬಹುಪಾಲು ಕಡೆಗಳಲ್ಲಿ ಆ ಪೈಪು ತಗ್ಗಿನ ಕಡೆಗೆ ತೆರೆದುಕೊಂಡಿರುತ್ತದೆ. ಮಲೆನಾಡಿನಲ್ಲಿ ತಗ್ಗು ಎಂದರೆ ಹಳ್ಳ, ಇಲ್ಲವೇ ಯಾರದೋ ತೋಟದ ಬಸಿಗಾಲುವೆ.

ಮನೆಯ ಈಜುಕೊಳವೊಂದರ ಲೆಕ್ಕವನ್ನು ಶಾಲಾ ವಿದ್ಯಾರ್ಥಿಗಳೂ ಮಾಡಬಹುದು. ಎಂಟು ಮೀಟರು ಉದ್ದ, ನಾಲ್ಕು ಮೀಟರು ಅಗಲ, ಸರಾಸರಿ 1.4 ಮೀಟರು ಆಳವಿದ್ದರೆ ಅದರಲ್ಲಿ ಸುಮಾರು 45,000 ಲೀಟರು ನೀರು ಹಿಡಿಯುತ್ತದೆ. ಜಲಜೀವನ್ ಮಿಷನ್ ಯೋಜನೆಯು ಹಳ್ಳಿಯ ಒಬ್ಬ ವ್ಯಕ್ತಿಗೆ ದಿನಕ್ಕೆ ನಿಗದಿಮಾಡಿದ್ದು 55 ಲೀಟರು. ಅಂದರೆ ಐದು ಜನರ ಕುಟುಂಬವೊಂದು ಐದು ತಿಂಗಳಿಗೂ ಹೆಚ್ಚು ಕಾಲ ಬಳಸುವಷ್ಟು ನೀರು ಒಂದು ಕೊಳದಲ್ಲಿ ನಿಂತಿರುತ್ತದೆ. ಇಷ್ಟು ನೀರನ್ನು ಒಮ್ಮೆ ತುಂಬಿದ ಮೇಲೆ ವರ್ಷಗಟ್ಟಲೆ ಬದಲಿಸದೆ ಇಟ್ಟುಕೊಳ್ಳಲು ಸಾಧ್ಯವಾಗುವುದು ಫಿಲ್ಟರಿನ ಬಲದಿಂದ. ಫಿಲ್ಟರು ಕೆಟ್ಟರೆ ನೀರು ಮಬ್ಬಾಗುತ್ತದೆ, ಪಾಚಿ ಕಟ್ಟುತ್ತದೆ. ಒಡೆಯನು ಮೊದಲು ಕ್ಲೋರಿನ್ ಹೆಚ್ಚು ಸುರಿಯುತ್ತಾನೆ, ಅದೂ ಸೋತಾಗ ಕೊಳವನ್ನೇ ಬರಿದುಮಾಡಿ ಮತ್ತೆ ಕೊಳವೆಬಾವಿಗೆ ಕೈಹಾಕುತ್ತಾನೆ. ಒಂದು ಕೆಟ್ಟ ಫಿಲ್ಟರಿನ ದಂಡವನ್ನು ಮೇಲುಗಡೆ ಅಂತರ್ಜಲವೂ ಕೆಳಗಡೆ ಹಳ್ಳವೂ ಕಟ್ಟಬೇಕಾಗುತ್ತದೆ. ಈಜುಕೊಳದ ಫಿಲ್ಟರಿನ ದುರಸ್ತಿಯು ಸಿರಿವಂತರ ಮನೆಯ ಖಾಸಗಿ ಸಂಗತಿ, ಪರಿಸರ ಚಳವಳಿಗೆ ಅದರಲ್ಲೇನು ಕೆಲಸ ಎಂದು ಕೇಳುವವರಿಗೆ ಇಷ್ಟು ಉತ್ತರ ಸಾಕು.

ಈ ಯಂತ್ರ ಮಲೆನಾಡಿನ ರೈತನಿಗೆ ಅಪರಿಚಿತವೇನೂ ಅಲ್ಲ. ಅಡಿಕೆ ತೋಟಕ್ಕೆ ಹನಿ ನೀರಾವರಿ ಹಾಕಿಸಿದವರೆಲ್ಲರ ಪಂಪುಮನೆಯ ಪಕ್ಕದಲ್ಲಿ ಇದರ ಒಡಹುಟ್ಟು ನಿಂತಿದೆ. ಅದೇ ಮರಳು, ಅದೇ ಒತ್ತಡ, ಅದೇ ಹಿಮ್ಮುಖ ತೊಳೆತ. ನೀರು ಮೇಲಿನಿಂದ ಒಳಹೊಕ್ಕು ಮರಳಿನ ಪದರದ ಮೂಲಕ ಇಳಿಯುತ್ತದೆ. ಕಸ, ಮಣ್ಣಿನ ಕಣ, ಪಾಚಿಯ ಎಳೆ ಮರಳಿನ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ತಳದಲ್ಲಿರುವ ಸಣ್ಣ ಸೀಳುಗಳುಳ್ಳ ಕೊಳವೆಗಳ ಮೂಲಕ ತಿಳಿನೀರು ಹೊರಬರುತ್ತದೆ. ಕಸ ತುಂಬಿದಂತೆ ಒತ್ತಡಮಾಪಕದ ಮುಳ್ಳು ಏರುತ್ತದೆ. ತೊಳೆದ ದಿನ ಇದ್ದ ಒತ್ತಡಕ್ಕಿಂತ ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗ್ರಾಮಿನಷ್ಟು ಏರಿದಾಗ ನೀರನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿ ಮರಳನ್ನು ತೊಳೆಯಬೇಕು. ಇದೇ ಬ್ಯಾಕ್‌ವಾಶ್. ಹನಿ ನೀರಾವರಿಯ ರೈತನು ಇದನ್ನು ಉದಾಸೀನ ಮಾಡಿದರೆ ತೋಟದ ಹನಿಗುಂಡಿಗಳು ಕಟ್ಟಿಕೊಂಡು ಬೇಸಗೆಯಲ್ಲಿ ಗಿಡ ಒಣಗುತ್ತದೆ. ತಪ್ಪಿನ ಫಲ ಅವನದೇ ತೋಟದಲ್ಲಿ ಕಾಣುವುದರಿಂದ ಅವನು ಬೇಗ ಕಲಿಯುತ್ತಾನೆ. ಈಜುಕೊಳದ ಒಡೆಯನ ತಪ್ಪಿನ ಫಲ ಬೇರೆಯವರ ಹಳ್ಳದಲ್ಲಿ ಕಾಣುತ್ತದೆ. ಅವನು ಕಲಿಯದೇ ಇರುವುದರಲ್ಲಿ ಆಶ್ಚರ್ಯವಿಲ್ಲ.

ಆ ಫಲ ಎಂಥದು? ಮನೆಬಳಕೆಯ ಫಿಲ್ಟರನ್ನು ಒಮ್ಮೆ ತೊಳೆಯಲು ನಿಮಿಷಕ್ಕೆ ನೂರೈವತ್ತು ಲೀಟರಿನಂತೆ ಮೂರು ನಿಮಿಷ, ಆಮೇಲೆ ಮರಳು ಕೂರಲು ಒಂದು ನಿಮಿಷ, ಒಟ್ಟು 600 ಲೀಟರು ನೀರು ಬೇಕೆಂದು ಹಿಡಿಯೋಣ. ವಾರಕ್ಕೊಮ್ಮೆ ತೊಳೆದರೆ ವರ್ಷಕ್ಕೆ 31,200 ಲೀಟರು. ಈ ನೀರಿನಲ್ಲಿ ಮೈಕೊಳೆ, ಎಣ್ಣೆ, ಸತ್ತ ಪಾಚಿ ಇರುವುದಲ್ಲದೆ ಲೀಟರಿಗೆ ಒಂದರಿಂದ ಮೂರು ಮಿಲಿಗ್ರಾಂ ಕ್ಲೋರಿನ್ ಇರುತ್ತದೆ. ಸಿಹಿನೀರಿನ ಜೀವಿಗಳಿಗೆ ಅಲ್ಪಕಾಲವೂ ಮೀರಬಾರದ ಮಿತಿ ಲೀಟರಿಗೆ 0.019 ಮಿಲಿಗ್ರಾಂ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 1980ರ ದಶಕದಲ್ಲೇ ಗೊತ್ತುಮಾಡಿದೆ. ಎರಡು ಮಿಲಿಗ್ರಾಂ ಇರುವ ನೀರು ಆ ಮಿತಿಗೆ ಇಳಿಯಬೇಕಾದರೆ ನೂರು ಪಟ್ಟಿಗೂ ಹೆಚ್ಚು ಶುದ್ಧ ನೀರು ಅದಕ್ಕೆ ಸೇರಬೇಕು. ಆಷಾಢದ ತುಂಗೆಗೆ ಇದು ಲೆಕ್ಕಕ್ಕೇ ಬಾರದ ಮಾತು. ಆದರೆ ಏಪ್ರಿಲಿನ ಒಂದು ಹಳ್ಳವನ್ನು ನೆನೆದುಕೊಳ್ಳಬೇಕು. ಸೆಕೆಂಡಿಗೆ ಒಂದು ಲೀಟರು ಹರಿಯುವ ಹಳ್ಳವೆಂದರೆ ಆ ಕಾಲಕ್ಕೆ ಒಳ್ಳೆಯ ಹಳ್ಳವೇ. ಬ್ಯಾಕ್‌ವಾಶ್ ಪೈಪಿನಿಂದ ಬರುವ ನೀರು ಸೆಕೆಂಡಿಗೆ ಎರಡೂವರೆ ಲೀಟರು! ಆ ನಾಲ್ಕು ನಿಮಿಷ ಹಳ್ಳದಲ್ಲಿ ಹಳ್ಳದ ನೀರಿಗಿಂತ ಈಜುಕೊಳದ ನೀರೇ ಹೆಚ್ಚು. ಪ್ರವಾಸಿಗರ ದಟ್ಟಣೆ ಇರುವುದೂ, ಫಿಲ್ಟರನ್ನು ಮತ್ತೆ ಮತ್ತೆ ತೊಳೆಯಬೇಕಾಗುವುದೂ, ಹಳ್ಳ ಬಡವಾಗಿರುವುದೂ ಅದೇ ಬೇಸಗೆಯ ತಿಂಗಳುಗಳಲ್ಲಿ.

ಹಳ್ಳದಲ್ಲಿ ಏನು ಮಹಾ ಇದೆ ಎನ್ನುವವರಿಗೆ ಕುಂಬಾರ ಕಪ್ಪೆಯ ಪರಿಚಯ ಮಾಡಿಸಬೇಕು. ಉತ್ತರ ಕನ್ನಡದ ಕತ್ತಲೆಕಾನಿನ ಹಳ್ಳಗಳಲ್ಲಿ ಕಂಡ ಈ ಇರುಳುಗಪ್ಪೆಯನ್ನು ಡಾ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದವೆಂದು ಲೋಕಕ್ಕೆ ತಿಳಿಸಿದರು. ಗಂಡು ಕಪ್ಪೆಯು ಹಳ್ಳದ ಕೆಸರನ್ನು ಮುಂಗೈಯಿಂದ ಎತ್ತಿ ಮೊಟ್ಟೆಗಳ ಮೇಲೆ ಮೆತ್ತುತ್ತದೆ; ಹಾಗಾಗಿಯೇ ಆ ಹೆಸರು. ಕಪ್ಪೆಗಳು ತೊಗಲಿನಿಂದಲೂ ಉಸಿರಾಡುವ, ತೊಗಲಿನಿಂದಲೇ ನೀರು ಹೀರುವ ಜೀವಿಗಳು. ಇಷ್ಟು ಕಾಲ ಕಣ್ಣಿಗೇ ಬೀಳದ ಜೀವವೊಂದು 2014ರಲ್ಲಿ ಸಿಕ್ಕಿತೆಂದರೆ, ಇನ್ನೂ ಹೆಸರಿಡದ ಎಷ್ಟು ಜೀವಗಳು ಈ ಕಿರುಹಳ್ಳಗಳಲ್ಲಿವೆಯೋ! ಇತ್ತ ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ, ಶೃಂಗೇರಿಯ ಮಠದ ಮುಂದಿನ ಮಡುವಿನಲ್ಲಿ ಜನರು ತಲೆತಲಾಂತರದಿಂದ ಮೀನುಗಳನ್ನು ದೇವರೆಂದು ಕಾಯ್ದುಕೊಂಡು ಬಂದಿದ್ದಾರೆ. ಮಡುವಿನ ಮೀನಿಗೆ ಮಂಡಕ್ಕಿ ಎಸೆದು ಕೈಮುಗಿದು ಬಂದವರೇ ಮೇಲಿನ ಹಳ್ಳಕ್ಕೆ ಕ್ಲೋರಿನ್ ನೀರು ಬಿಡುವುದಾದರೆ ಆ ಕೈಮುಗಿತಕ್ಕೆ ಅರ್ಥವೇನು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದು ಬರಲೇಬೇಕಾದ ಆಕ್ಷೇಪ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದೇಶದ 351 ಕಲುಷಿತ ನದಿಭಾಗಗಳನ್ನು ಪಟ್ಟಿಮಾಡಿದಾಗ ಅದರಲ್ಲಿ ಕರ್ನಾಟಕದ 17 ಭಾಗಗಳಿದ್ದವು. ಶಿವಮೊಗ್ಗದಿಂದ ಕೂಡಲಿಯವರೆಗಿನ ತುಂಗೆಯೂ, ಭದ್ರಾವತಿ ಮತ್ತು ಹೊಳೆಹೊನ್ನೂರಿನ ನಡುವಣ ಭದ್ರೆಯೂ ಅವುಗಳಲ್ಲಿ ಸೇರಿದ್ದವು. ಎರಡು ನಗರಗಳ ಚರಂಡಿಗಳು ಹೊಳೆಗೆ ತೆರೆದುಕೊಂಡಿರುವಾಗ, ಎಲ್ಲೋ ಒಂದು ಕೊಳದ 600 ಲೀಟರಿನ ಬಗ್ಗೆ ಗದ್ದಲವೆಬ್ಬಿಸುವುದು ಆನೆ ಬಿಟ್ಟು ಇರುವೆಯನ್ನು ಅಟ್ಟಿಸಿಕೊಂಡು ಹೋದಂತಲ್ಲವೇ?

ಆನೆಯನ್ನು ಯಾರೂ ಬಿಟ್ಟಿಲ್ಲ. 2024ರ ನವೆಂಬರಿನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದವರು ಶೃಂಗೇರಿಯಿಂದ ನದಿಯ ಗುಂಟ ನಡೆದುದು ಆ ಆನೆಯ ಬೆನ್ನುಹತ್ತಿಯೇ. ಅದಕ್ಕೂ ಮೊದಲು, ಕುದುರೆಮುಖದ ಗಣಿಯ ಮಣ್ಣು ಭದ್ರೆಗಿಳಿಯುತ್ತಿದ್ದಾಗ ಮಲೆನಾಡಿಗರು ನಡೆಸಿದ ಹೋರಾಟದ ಫಲವಾಗಿ 2002ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆದರೆ ಚರಂಡಿಯ ನೀರು ಸೇರುವುದು ನಗರ ದಾಟಿದ ಮೇಲಿನ ದೊಡ್ಡ ಹೊಳೆಗೆ. ಈಜುಕೊಳದ ನೀರು ಸೇರುವುದು ನಗರಕ್ಕೂ ಮೇಲಿನ, ಇನ್ನೂ ತಿಳಿಯಾಗಿ ಉಳಿದಿರುವ ಕಿರುಹಳ್ಳಗಳಿಗೆ. ಆ ಹಳ್ಳಗಳಿಂದ ಅಡಿಕೆ ದಂಬೆಯಲ್ಲಿಯೋ ಕಪ್ಪು ಪೈಪಿನಲ್ಲಿಯೋ ಅಬ್ಬಿ ನೀರು ಇಳಿಸಿಕೊಂಡು ಕುಡಿಯುವ ಒಂಟಿಮನೆಗಳು ಇಂದಿಗೂ ಇವೆ. ನಗರದ ಕೊಳಕಿಗೆ ಮಹಾನಗರ ಪಾಲಿಕೆಯನ್ನು ಕೇಳಬಹುದು. ಒಂಟಿಮನೆಯವರು ಯಾರನ್ನು ಕೇಳಬೇಕು?

ಇನ್ನೊಂದು ಆಕ್ಷೇಪ ಇದಕ್ಕಿಂತ ಚುರುಕಾದುದು. ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೆರೆಸಿ ಬೋರ್ಡೋ ಸಿಂಪಡಿಸುವ ತೋಟಗಾರರಿಗೆ, ಈಜುಕೊಳದ ಪಾಚಿನಾಶಕದ ತಾಮ್ರದ ಬಗ್ಗೆ ಮಾತಾಡುವ ಹಕ್ಕಿದೆಯೇ? ಪ್ರಶ್ನೆ ನ್ಯಾಯವಾದುದು. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ಔಷಧವನ್ನು ಮಲೆನಾಡಿಗೆ ತೋರಿಸಿಕೊಟ್ಟ ದಿನದಿಂದ ತೋಟದ ಮಣ್ಣಿಗೆ ತಾಮ್ರ ಬೀಳುತ್ತಲೇ ಇದೆ. ಅದೂ ಒಂದು ದಿನ ಈ ಪತ್ರಿಕೆಯಲ್ಲಿ ಚರ್ಚೆಗೆ ಬರಬೇಕಾದ ಸಂಗತಿಯೇ. ಆದರೆ ಬದುಕಿನ ಬೆಳೆಗೆಂದು ಸಿಂಪಡಿಸುವುದಕ್ಕೂ ನೀರು ನೀಲಿಯಾಗಿ ಕಾಣಲೆಂದು ಸುರಿಯುವುದಕ್ಕೂ ವ್ಯತ್ಯಾಸವಿದೆ. ಒಬ್ಬರ ತಪ್ಪು ಇನ್ನೊಬ್ಬರಿಗೆ ಪರವಾನಗಿ ಆಗುವುದೂ ಇಲ್ಲ.

ಇಷ್ಟು ಹೇಳಿದ ಕೂಡಲೇ ಕೆಲವರು, ಹಾಗಾದರೆ ಕ್ಲೋರಿನ್ನೇ ಬೇಡ, ಪೂರ್ವಿಕರ ಕೊಳಗಳಲ್ಲಿ ಯಾವ ರಾಸಾಯನಿಕವಿತ್ತು ಎಂದು ಎದ್ದುನಿಲ್ಲುತ್ತಾರೆ. ಹೊಸನಗರ ತಾಲೂಕಿನ ಬಿದನೂರು ನಗರದ ಬಳಿ ಕೆಳದಿ ಅರಸರ ಕಾಲದ ದೇವಗಂಗೆ ಕೊಳಗಳಿವೆ. ಬೆಟ್ಟದ ಒರತೆಯ ನೀರು ಸದಾ ಹರಿದುಬಂದು ಕಲ್ಲಿನ ಕೊಳಗಳನ್ನು ತುಂಬಿ ಮುಂದೆ ಸಾಗುತ್ತದೆ. ನೋಡಿದವರ ಮನಸ್ಸು ತಂಪಾಗುವ ಜಾಗವದು. ಆದರೆ ಹರಿವ ನೀರಿನ ಕೊಳಕ್ಕೆ ಒಂದು ಒರತೆ ಬೇಕು. ಇಂದು ಪ್ರತಿ ಹೋಂಸ್ಟೇಯೂ ತನ್ನ ಅಂಗಳಕ್ಕೆ ಒಂದೊಂದು ಒರತೆಯನ್ನು ತಿರುಗಿಸಿಕೊಂಡರೆ ಕೆಳಗಿನ ಊರಿಗೆ ಉಳಿಯುವುದೇನು? ನಿಂತ ನೀರಿಗೆ ಕ್ಲೋರಿನ್ ಇಲ್ಲದಿದ್ದರೆ ಅಪಾಯ ಬೇರೆಯೇ. ಕೇರಳದಲ್ಲಿ 2024 ಮತ್ತು 2025ರಲ್ಲಿ ಮೆದುಳಿಗೆ ತಗಲುವ ಅಮೀಬಾ ಜ್ವರದಿಂದ ಜನ ಸತ್ತಾಗ, ಕೆರೆ ಬಾವಿ ಈಜುಕೊಳಗಳಿಗೆಲ್ಲ ಕ್ಲೋರಿನ್ ಹಾಕಲು ಅಲ್ಲಿಯ ಆರೋಗ್ಯ ಇಲಾಖೆ ಓಡಾಡಬೇಕಾಯಿತು. ಕೈಬಿಟ್ಟ ಕೊಳವು ಡೆಂಗಿ ಸೊಳ್ಳೆಗೂ ತವರು. ಕೊಳವನ್ನು ಕಟ್ಟಿದ ಮೇಲೆ ಅದನ್ನು ಸರಿಯಾಗಿ ಇಟ್ಟುಕೊಳ್ಳಬೇಕು, ಅಥವಾ ಮುಚ್ಚಬೇಕು.

ಸರಿಯಾಗಿ ಇಟ್ಟುಕೊಳ್ಳುವುದೆಂದರೆ ಏನು ಎಂಬುದನ್ನು ಮಾನವಕುಲವು ದುಬಾರಿ ಬೆಲೆ ತೆತ್ತು ಕಲಿತಿದೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಬಂದು ಸುಮಾರು 8,600 ಜನ ಸತ್ತರು. ಪಕ್ಕದ ಆಲ್ಟೋನಾ ನಗರ ಹ್ಯಾಂಬರ್ಗಿಗೆ ಅಂಟಿಕೊಂಡೇ ಇತ್ತು. ಎರಡೂ ಕುಡಿಯುತ್ತಿದ್ದುದು ಎಲ್ಬೆ ನದಿಯ ನೀರನ್ನೇ. ವಿಚಿತ್ರವೆಂದರೆ ಆಲ್ಟೋನಾದವರು ಹ್ಯಾಂಬರ್ಗಿನ ಕೊಳಚೆ ಸೇರಿದ ಮೇಲೆ, ಇನ್ನೂ ಕೆಳಗಿನಿಂದ ನೀರೆತ್ತುತ್ತಿದ್ದರು. ಆದರೂ ಕಾಲರಾ ಊರಗಡಿಯಲ್ಲಿಯೇ ನಿಂತುಬಿಟ್ಟಿತು. ಆಲ್ಟೋನಾದವರು ನೀರನ್ನು ಮರಳಿನಲ್ಲಿ ಸೋಸುತ್ತಿದ್ದರು, ಹ್ಯಾಂಬರ್ಗಿನವರು ಸೋಸುತ್ತಿರಲಿಲ್ಲ, ಇಷ್ಟೇ ಅಂತರ. ಕಥೆ ಇಲ್ಲಿಗೇ ಮುಗಿಯುವುದಿಲ್ಲ. 1893ರ ಚಳಿಗಾಲದಲ್ಲಿ ಆಲ್ಟೋನಾದ ಮರಳಿನ ಹಾಸೊಂದು ಹಿಮಗಟ್ಟಿ ಕೆಟ್ಟಿತು. ಕಾಲರಾ ಆಗ ಆಲ್ಟೋನಾಕ್ಕೂ ಬಂತು. ರಾಬರ್ಟ್ ಕಾಕ್ ಇದನ್ನು ಪರಿಶೀಲಿಸಿ ಬರೆದ ಮೇಲೆಯೇ ಮರಳಿನ ಫಿಲ್ಟರಿನ ದಿನನಿತ್ಯದ ತಪಾಸಣೆ ಎಂಬುದು ಪುರಸಭೆಗಳ ಕರ್ತವ್ಯವಾಗಿ ಬೇರೂರಿತು. ಕಟ್ಟಿದ ಫಿಲ್ಟರಿಗಿಂತ ಕಾಯ್ದುಕೊಂಡ ಫಿಲ್ಟರು ಮುಖ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈಗ ಆ ಹಿಂಬದಿಯ ಕೋಣೆಗೆ ಮರಳಬೇಕು. ಕೊಳ ಮಾರುವವರು ಮೊದಲ ವರ್ಷ ಬಂದು ನೋಡುತ್ತಾರೆ. ಎರಡನೆಯ ವರ್ಷದಿಂದ ಕೀಲಿ ತೋಟದ ಆಳಿನ ಕೈಗೆ ಬರುತ್ತದೆ. ಅವನಿಗೆ ಯಾರೂ ಏನನ್ನೂ ಹೇಳಿಕೊಟ್ಟಿರುವುದಿಲ್ಲ. ಪಂಪು ಓಡುತ್ತಿರುವಾಗಲೇ ವಾಲ್ವಿನ ಹಿಡಿಯನ್ನು ತಿರುಗಿಸುತ್ತಾನೆ. ಒಳಗಿರುವ, ಜೇಡರ ಕಾಲಿನಂತೆ ಕವಲೊಡೆದ ರಬ್ಬರು ಗ್ಯಾಸ್ಕೆಟ್ಟು ಒತ್ತಡಕ್ಕೆ ಸಿಕ್ಕಿ ಹರಿಯುತ್ತದೆ ಇಲ್ಲವೇ ಜಾಗ ಬಿಟ್ಟು ಜರುಗುತ್ತದೆ. ಅಂದಿನಿಂದ ಫಿಲ್ಟರು ಸರಿಯಾಗಿಯೇ ನಡೆಯುತ್ತಿರುವಂತೆ ಕಂಡರೂ, ತ್ಯಾಜ್ಯದ ಪೈಪಿನ ತುದಿಯಲ್ಲಿ ಬೆರಳು ದಪ್ಪದ ನೀರು ಹರಿಯುತ್ತಿರುತ್ತದೆ. ಬಯಲುಸೀಮೆಯಲ್ಲಾದರೆ ಪಂಪು ನಿಂತಾಗ ಅದೂ ನಿಂತೀತು. ಮಲೆನಾಡಿನ ಇಳಿಜಾರಿನಲ್ಲಿ ಫಿಲ್ಟರನ್ನು ಕೊಳದ ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸುವುದೇ ಹೆಚ್ಚು. ಆಗ ಪಂಪು ನಿಂತರೂ ಸೋರಿಕೆ ನಿಲ್ಲದು. ನಿಮಿಷಕ್ಕೆ ಒಂದು ಲೀಟರಿನಂತೆ ಸೋರಿದರೂ ದಿನಕ್ಕೆ 1,440 ಲೀಟರು, ತಿಂಗಳಿಗೆ 43,200 ಲೀಟರು. ಹೆಚ್ಚುಕಡಿಮೆ ಒಂದು ಕೊಳದಷ್ಟೇ ನೀರು ತಿಂಗಳು ತಿಂಗಳೂ ಹಳ್ಳಕ್ಕೆ! ಮೇಲಿನಿಂದ ಕೊಳವೆಬಾವಿಯು ತುಂಬುತ್ತಲೇ ಇರುವುದರಿಂದ ಕೊಳದ ಮಟ್ಟ ಇಳಿಯುವುದಿಲ್ಲ, ಒಡೆಯನಿಗೆ ತಿಳಿಯುವುದೂ ಇಲ್ಲ. ಒಂದು ಬಕೆಟ್ಟಿನಲ್ಲಿ ನೀರು ತುಂಬಿ ಕೊಳದ ಮೆಟ್ಟಿಲ ಮೇಲಿಟ್ಟು, ಒಳಗಿನ ಮತ್ತು ಹೊರಗಿನ ಮಟ್ಟವನ್ನು ಗುರುತುಮಾಡಿ, ಬಾವಿಯ ನೀರು ನಿಲ್ಲಿಸಿ ಒಂದು ದಿನ ಬಿಟ್ಟು ನೋಡಿದರೆ ಗುಟ್ಟು ಹೊರಬೀಳುತ್ತದೆ. ಎರಡೂ ಸಮನಾಗಿ ಇಳಿದಿದ್ದರೆ ಬಿಸಿಲು ಕುಡಿದದ್ದು. ಹೊರಗಿನದು ಹೆಚ್ಚು ಇಳಿದಿದ್ದರೆ ಎಲ್ಲೋ ಸೋರಿಕೆ.

ಮರಳಿನದು ಇನ್ನೊಂದು ಕಥೆ. ಫಿಲ್ಟರಿಗೆ ಬೇಕಾದುದು 0.4ರಿಂದ 0.8 ಮಿಲಿಮೀಟರಿನ ಒಂದೇ ಅಳತೆಯ ಸಿಲಿಕಾ ಮರಳು. ಹಣ ಉಳಿಸಲು ಹೊಳೆಯ ಮರಳನ್ನೇ ಜರಡಿಯಾಡಿ ತುಂಬುವ ಜಾಣರಿದ್ದಾರೆ. ಅದರ ಸಣ್ಣ ಕಣ ತಳದ ಸೀಳುಗಳಲ್ಲಿ ನುಸುಳಿ ಕೊಳಕ್ಕೇ ಬರುತ್ತದೆ, ಜೇಡಿ ಕಟ್ಟಿಕೊಂಡು ಮರಳು ಗಟ್ಟಿಯಾಗುತ್ತದೆ, ನೀರು ಎಲ್ಲೋ ಒಂದು ಬಿರುಕಿನಲ್ಲಿ ಮಾತ್ರ ದಾರಿಮಾಡಿಕೊಂಡು ಸೋಸದೆ ಇಳಿಯುತ್ತದೆ. ಮರಳುಗಳ್ಳರಿಂದ ಬಸವಳಿದ ತುಂಗೆಗೆ ಈ ಕೊಳದವರ ಬುಟ್ಟಿಯೂ ಒಂದು. ತಕ್ಕ ಮರಳು ತುಂಬಿ ಕ್ರಮವಾಗಿ ತೊಳೆದರೆ ಐದಾರು ವರ್ಷ ಬದಲಿಸುವ ಗೊಡವೆಯಿಲ್ಲ. ಕೊಳದ ನೆಲದಲ್ಲಿ ಮರಳಿನ ಚಿಕ್ಕ ಗುಪ್ಪೆ ಕಂಡರೆ ತಳದ ಕೊಳವೆ ಒಡೆದಿದೆಯೆಂದು ತಿಳಿಯಬೇಕು. ಆ ಒಂದು ಕೊಳವೆಯನ್ನು ಬದಲಿಸಿದರೆ ಸಾಕು, ಫಿಲ್ಟರನ್ನೇ ಗುಜರಿಗೆ ಹಾಕಬೇಕಾಗಿಲ್ಲ. ಇನ್ನು ಅತಿ ಶ್ರದ್ಧೆಯವರೂ ಇದ್ದಾರೆ, ದಿನವೂ ಬ್ಯಾಕ್‌ವಾಶ್ ಮಾಡುವವರು. ಸ್ವಲ್ಪ ಕೊಳೆ ಹಿಡಿದ ಮರಳು ಹೊಸದಾಗಿ ತೊಳೆದ ಮರಳಿಗಿಂತ ಚೆನ್ನಾಗಿ ಸೋಸುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ಒತ್ತಡಮಾಪಕದ ಮುಳ್ಳು ಹೇಳುವವರೆಗೆ ಕಾಯುವುದು ನೀರಿಗೂ ಒಳ್ಳೆಯದು, ಕೊಳಕ್ಕೂ ಒಳ್ಳೆಯದು. ಆ ಮಾಪಕವೇ ಕೆಟ್ಟು ಗಾಜಿನೊಳಗೆ ನೀರು ತುಂಬಿರುವ ಕೋಣೆಗಳೇ ಹೆಚ್ಚೆಂಬುದು ಬೇರೆ ಮಾತು.

ಇದನ್ನೆಲ್ಲ ರಿಪೇರಿ ಮಾಡುವವರು ಯಾರು? ಬೆಂಗಳೂರಿನಿಂದ ಬರಬೇಕು ಎನ್ನುತ್ತಾರೆ ಕೊಳದ ಒಡೆಯರು. ಭದ್ರಾವತಿಯನ್ನು ಪಕ್ಕದಲ್ಲಿಟ್ಟುಕೊಂಡು ಹೀಗೆ ಹೇಳುವುದು ನಾಚಿಕೆಗೇಡು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ, ಇವೆರಡೂ ಸೇರಿ ಆ ಊರಿನಲ್ಲಿ ಪಂಪು, ವಾಲ್ವು, ಪೈಪು, ಗ್ಯಾಸ್ಕೆಟ್ಟುಗಳೇ ಮನೆಮಾತಾದ ಮೂರು ತಲೆಮಾರಿನ ಫಿಟ್ಟರುಗಳನ್ನು ಬೆಳೆಸಿದವು. ಕಾಗದ ಕಾರ್ಖಾನೆಯ ಬಣ್ಣದ ನೀರು ಭದ್ರೆಗೆ ಮಾಡಿದ ಗಾಯವನ್ನು ಈ ಚಳವಳಿ ಎಂದೂ ಮುಚ್ಚಿಟ್ಟಿಲ್ಲ. ಆದರೆ 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಾಗ ಕೆಲಸ ಕಳೆದುಕೊಂಡವರು ಹೊಳೆಯ ಶತ್ರುಗಳಾಗಿರಲಿಲ್ಲ. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಬೀದಿಗಿಳಿದವರೂ ಆಗಿರಲಿಲ್ಲ. ಕಾರ್ಖಾನೆ ಬೇಕೋ ಹೊಳೆ ಬೇಕೋ ಎಂದು ಕಾರ್ಮಿಕನನ್ನೂ ರೈತನನ್ನೂ ಎದುರುಬದುರು ನಿಲ್ಲಿಸಿದ್ದು ಅವರಿಬ್ಬರೂ ಅಲ್ಲದ ಬೇರೆಯವರು. ಬೇಕಿದ್ದರೆ ಲೇತಿನ ಮೇಲೆ ವಾಲ್ವಿನ ಹಿಡಿಯನ್ನೇ ಕಡೆದುಕೊಡಬಲ್ಲ, ರಬ್ಬರು ಹಾಳೆಯಿಂದ ಗ್ಯಾಸ್ಕೆಟ್ಟು ಕತ್ತರಿಸಿಕೊಡಬಲ್ಲ ಕೈಗಳು ಆ ಊರಿನಲ್ಲಿವೆ. ಮಾರುವವರಿಗೆ ರಿಪೇರಿ ಲಾಭವಿಲ್ಲದ ಬಾಬತ್ತು. ಇಡೀ ವಾಲ್ವನ್ನು, ಸಾಧ್ಯವಾದರೆ ಇಡೀ ಫಿಲ್ಟರನ್ನು ಹೊಸದಾಗಿ ಕೂರಿಸುವುದರಲ್ಲಿಯೇ ಅವರಿಗೆ ಗಿಟ್ಟುತ್ತದೆ. ಬಿಡಿಭಾಗ ಕೊಡದೆ ಹೊಸದನ್ನು ಕಟ್ಟುವ ಈ ಹುನ್ನಾರ ಪಂಪಿನಿಂದ ಹಿಡಿದು ಮಿಕ್ಸಿಯವರೆಗೆ ಎಲ್ಲ ಮನೆಗಳಿಗೂ ಪರಿಚಿತವಾದುದೇ.

ತೊಳೆದ ನೀರಿನ ಪ್ರಶ್ನೆ ಉಳಿಯಿತು. ಉತ್ತರ ಕಷ್ಟದ್ದೇನಲ್ಲ. ಸಾವಿರ ಲೀಟರಿನ ಒಂದು ತೆರೆದ ತೊಟ್ಟಿಗೆ ಅದನ್ನು ಬಿಟ್ಟು ಎರಡು ದಿನ ಬಿಸಿಲಿಗೆ ಇಟ್ಟರೆ ಬರಿಯ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ, ಕಸ ತಳಕ್ಕಿಳಿಯುತ್ತದೆ. ಆಮೇಲೆ ಆ ನೀರನ್ನು ತೆಂಗಿನ ಬುಡಕ್ಕೋ ಹುಲ್ಲಿನ ಬಯಲಿಗೋ ಹರಡಬೇಕು. ಮಣ್ಣು ಉಳಿದ ಕ್ಲೋರಿನ್ನನ್ನು ಹಿಡಿದು ಮುರಿಯುತ್ತದೆ. ಹಳ್ಳಕ್ಕೆ ಆ ಶಕ್ತಿಯಿಲ್ಲ. ಆದರೆ ಇಲ್ಲಿ ಎರಡು ಎಚ್ಚರ ಬೇಕು. ಗುಳಿಗೆಯ ರೂಪದ ಕ್ಲೋರಿನ್ ಹಾಕುವ ಕೊಳಗಳಲ್ಲಿ ಸಯನ್ಯೂರಿಕ್ ಆಮ್ಲವೆಂಬ ವಸ್ತು ಸೇರಿಕೊಂಡು ಕ್ಲೋರಿನ್ನನ್ನು ಬಿಸಿಲಿನಿಂದ ಕಾಪಾಡುತ್ತದೆ. ಅಂಥ ನೀರಿಗೆ ಎರಡು ದಿನ ಸಾಲದು, ಪರೀಕ್ಷಿಸಿಯೇ ಬಿಡಬೇಕು. ಇತ್ತೀಚೆಗೆ ಬಂದಿರುವ ಉಪ್ಪುನೀರಿನ ಕೊಳಗಳಂತೂ ತೋಟದ ಹತ್ತಿರ ಸುಳಿಯಬಾರದು. ಉಪ್ಪಿನಿಂದ ಕ್ಲೋರಿನ್ ತಾನಾಗಿ ಹುಟ್ಟುತ್ತದೆ, ರಾಸಾಯನಿಕವೇ ಇಲ್ಲ ಎಂದು ಅವುಗಳನ್ನು ಹಸಿರು ಕೊಳವೆಂಬಂತೆ ಮಾರಲಾಗುತ್ತಿದೆ. ಅವುಗಳ ನೀರಿನಲ್ಲಿ ಲೀಟರಿಗೆ ಮೂರರಿಂದ ನಾಲ್ಕು ಗ್ರಾಂ ಉಪ್ಪು ಇರುತ್ತದೆ. ನೀರಾವರಿಯ ನೀರಿನಲ್ಲಿ ಲವಣ ಲೀಟರಿಗೆ ಎರಡು ಗ್ರಾಂ ಮೀರಿದರೆ ಬೆಳೆಗೆ ತೀವ್ರ ತೊಡಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಅಡಿಕೆಯ ಬುಡಕ್ಕೆ, ಮೆಣಸಿನ ಬಳ್ಳಿಗೆ ಆ ನೀರು ಬಿಟ್ಟವನು ತನ್ನ ತೋಟಕ್ಕೆ ತಾನೇ ಸುಣ್ಣ ಹಚ್ಚಿಕೊಂಡಂತೆ. ಬಿಡಲು ಜಾಗವೇ ಇಲ್ಲದ ಉಪ್ಪುನೀರಿನ ಕೊಳಕ್ಕೆ ಮಲೆನಾಡಿನಲ್ಲಿ ಅನುಮತಿಯನ್ನೇ ಕೊಡಬಾರದು.

ಕಾನೂನು ಇಲ್ಲವೆಂಬ ನೆಪಕ್ಕೂ ಎಡೆಯಿಲ್ಲ. 1974ರ ಜಲ ಕಾಯಿದೆಯ 24ನೆಯ ಕಲಮು ಹೊಳೆಗೆ, ಬಾವಿಗೆ, ನೆಲಕ್ಕೆ ವಿಷಕಾರಿ ಅಥವಾ ಮಲಿನಕಾರಿ ವಸ್ತುವನ್ನು ಬಿಡುವುದನ್ನು ನಿಷೇಧಿಸುವಾಗ ಕಾರ್ಖಾನೆ ಎಂದಿಲ್ಲ, ಯಾವುದೇ ವ್ಯಕ್ತಿ ಎಂದಿದೆ. 2024ರ ಮಾರ್ಚಿನ ನೀರಿನ ಬರದಲ್ಲಿ ಬೆಂಗಳೂರಿನ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ ದಂಡ ವಿಧಿಸುವುದಾಗಿ ಪ್ರಕಟಿಸಿತು. ಅದೇ ಬರದ ವರ್ಷ ರಾಜ್ಯದ 223 ತಾಲೂಕುಗಳನ್ನು ಸರ್ಕಾರವೇ ಬರಪೀಡಿತವೆಂದು ಸಾರಿತ್ತು. ಮಲೆನಾಡಿನ ಗ್ರಾಮ ಪಂಚಾಯಿತಿಗಳು ಕಟ್ಟಡದ ಪರವಾನಗಿ ಕೊಡುವಾಗ ನಕ್ಷೆಯಲ್ಲಿ ಈಜುಕೊಳ ಕಂಡರೆ ಮೂರು ಪ್ರಶ್ನೆ ಕೇಳಬೇಕು: ನೀರು ಎಲ್ಲಿಯದು, ತೊಳೆದ ನೀರಿನ ತೊಟ್ಟಿ ಎಲ್ಲಿ, ಫಿಲ್ಟರಿನ ಕೀಲಿ ಯಾರ ಕೈಯಲ್ಲಿ. ಹೋಂಸ್ಟೇ ನೋಂದಣಿ ಮಾಡುವ ಪ್ರವಾಸೋದ್ಯಮ ಇಲಾಖೆಯೂ ಹಾಸಿಗೆ ದಿಂಬುಗಳ ಜೊತೆಗೆ ಆ ಹಿಂಬದಿಯ ಪೈಪಿನ ತುದಿಯನ್ನು ನೋಡಿ ಬರಬೇಕು.

ಇಲಾಖೆಗಳಿಗಾಗಿ ಕಾಯುತ್ತ ಕೂರಬೇಕಾಗಿಯೂ ಇಲ್ಲ. ಜಲಜೀವನ್ ಮಿಷನ್ನಿನಡಿ ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರಿನ ಪರೀಕ್ಷೆ ಕಲಿಸಬೇಕೆಂಬ ನಿಯಮವಿದೆ. ಪಂಚಾಯಿತಿಗಳಿಗೆ ಪರೀಕ್ಷೆಯ ಪೆಟ್ಟಿಗೆಗಳೂ ಬಂದಿವೆ. ಅನೇಕ ಕಡೆ ಅವು ಬೀರುವಿನ ಮೇಲೆ ದೂಳು ಹಿಡಿದು ಕುಳಿತಿವೆ. ಉಳಿಕೆ ಕ್ಲೋರಿನ್ನಿನ ಪರೀಕ್ಷೆಯೂ ಆ ಪೆಟ್ಟಿಗೆಯಲ್ಲಿದೆ. ಅದು ತೋರಿಸುವ ಮೊದಲ ತಿಳಿಬಣ್ಣ ಲೀಟರಿಗೆ 0.2 ಮಿಲಿಗ್ರಾಮಿನ ಆಸುಪಾಸಿನದು, ಅಂದರೆ ಜಲಜೀವಿಗಳ ಮಿತಿಯ ಹತ್ತು ಪಟ್ಟು. ಬಣ್ಣ ಬಾರದಿದ್ದರೆ ಹಳ್ಳ ಸುರಕ್ಷಿತವೆಂದು ಹೇಳಲಾಗದು. ಬಂದರೆ ಮಾತ್ರ ಸಂಶಯಕ್ಕೆ ಎಡೆಯಿಲ್ಲ. ಬೇಸಗೆಯ ರಜೆಯಲ್ಲಿ, ಸೋಮವಾರದ ಬೆಳಗ್ಗೆ, ವಾರಾಂತ್ಯದ ಅತಿಥಿಗಳು ಹೊರಟುಹೋಗಿ ಆಳು ಫಿಲ್ಟರು ತೊಳೆಯುವ ಹೊತ್ತಿಗೆ, ಕೊಳಕ್ಕೆ ಮೇಲೊಂದು ಕೆಳಗೊಂದು ಕಡೆ ಹಳ್ಳದ ನೀರು ಹಿಡಿದು ನೋಡಬೇಕು. ದಿನಾಂಕ, ಹೊತ್ತು, ಜಾಗ, ಬಣ್ಣ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ಗ್ರಾಮಸಭೆಯಲ್ಲಿ ಆ ಪುಸ್ತಕವನ್ನು ಮೇಜಿನ ಮೇಲಿಡಬೇಕು.